ಹಳೆಯ ತಟ್ಟೆಗಳನ್ನು ಗುಜರಿಗೆ ಹಾಕುವ ಮುನ್ನ

ಸಹೋದರಿಯರೇ, ತುಮಕೂರು, ಗುಬ್ಬಿ, ಕುಣಿಗಲ್‌ನ ಹಳೆಯ ಮನೆಗಳ ಅಟ್ಟದಲ್ಲಿ ಗ್ರಾಮಫೋನ್ ತಟ್ಟೆಗಳಿದ್ದರೆ ಗುಜರಿಗೆ ಹಾಕಬೇಡಿ. ನಾತ್, ಕವ್ವಾಲಿ ಅಥವಾ ಗುಬ್ಬಿ ವೀರಣ್ಣನವರ (1891–1972) ಕಾಲದ ರಂಗಗೀತೆ ಅದರಲ್ಲಿರಬಹುದು. ಒಡೆದರೆ ಆ ದನಿ ಮತ್ತೆ ಸಿಗದೇ ಹೋಗಬಹುದು.

ಯುಎಸ್‌ಬಿ ಜೋಡಣೆಯ ರೆಕಾರ್ಡ್ ಪ್ಲೇಯರ್, ಉಚಿತವಾಗಿ ಸಿಗುವ ಅಡಾಸಿಟಿ ತಂತ್ರಾಂಶ ಇದ್ದರೆ ಮನೆಯಲ್ಲೇ ಕಂಪ್ಯೂಟರಿಗೆ ಇಳಿಸಬಹುದು. ಮೊದಲು ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯಿರಿ. 78 ವೇಗದ ತಟ್ಟೆಗಳು ಹೆಚ್ಚಾಗಿ ಅರಗಿನವು. ಸ್ಪಿರಿಟ್ ತಗಲಿದರೆ ಹಾಳಾಗುತ್ತವೆ. ಅವಕ್ಕೆ ದಪ್ಪ ಮುಳ್ಳೂ ಬೇಕು. 33, 45 ವೇಗದ ವಿನೈಲ್‌ಗೆ ಸಣ್ಣ ಮುಳ್ಳು. ಮೂಲಪ್ರತಿಯನ್ನು ವೇವ್ ಕಡತವಾಗಿ ಉಳಿಸಿ. ನಿಮಿಷಕ್ಕೆ ಸುಮಾರು 10 ಎಂಬಿ ಜಾಗ ಬೇಕು. ಮೊಬೈಲಿಗೆ ಎಂಪಿ3 ಸಾಕು. ಪ್ರತಿಗಳು ಎರಡು ಕಡೆ ಇರಲಿ.

ತಡಮಾಡಬೇಡಿ. ಆ ಹಾಡನ್ನು ಗುರುತಿಸಬಲ್ಲ ದಾದಿ, ನಾನಿಯರು ನಮ್ಮೊಡನಿರುವಾಗಲೇ ಕೇಳಿಸಿ, ಅವರು ಹೇಳಿದ್ದನ್ನು ಬರೆದಿಡಿ.