ಹೆಸರು ಬಂತು ಸರಿ, ಬಂದದ್ದೇನು?

ತಮ್ಮ ಹೆಸರು ಎಲ್ಲೆಲ್ಲಿ ಬಂತು ಎಂದು ಹುಡುಕಿಸುವ ಚಟ ಸೋಷಿಯಲ್ ಮೀಡಿಯಾಕ್ಕಿಂತ ಬಹಳ ಹಳೆಯದು. 1879ರಲ್ಲಿ ಪ್ಯಾರಿಸ್‌ನಲ್ಲಿ 'ಆರ್ಗಸ್ ದ ಲಾ ಪ್ರೆಸ್' ಶುರುವಾಯಿತು. 1888ರಲ್ಲಿ ನ್ಯೂಯಾರ್ಕ್‌ನಲ್ಲಿ 'ಬರೆಲ್ಸ್' ಬಂತು. ಈ ಸಂಸ್ಥೆಗಳ ನೌಕರರು ದಿನವಿಡೀ ಪತ್ರಿಕೆ ಓದಿ, ಗಿರಾಕಿಯ ಹೆಸರು ಕಂಡಲ್ಲಿ ಕತ್ತರಿ ಆಡಿಸಿ, ತುಣುಕುಗಳನ್ನು ಕಳಿಸಿಕೊಡುತ್ತಿದ್ದರು.

ಎಡವಟ್ಟಾದದ್ದು ಆ ತುಣುಕಿಗೆ ಬೆಲೆ ಕಟ್ಟಲು ಹೊರಟಾಗ. ಸುದ್ದಿ ಎಷ್ಟು ಕಾಲಂ, ಎಷ್ಟು ಸೆಂಟಿಮೀಟರ್ ಎಂದು ಸ್ಕೇಲ್ ಹಿಡಿದು ಅಳೆಯುವುದು, ಅದನ್ನು ಆ ಪತ್ರಿಕೆಯ ಜಾಹೀರಾತು ದರದಿಂದ ಗುಣಿಸುವುದು, ಬಂದ ಮೊತ್ತವನ್ನು 'ಪ್ರಚಾರದ ಮೌಲ್ಯ' ಎಂದು ವರದಿಗೆ ಏರಿಸುವುದು. ಇದಕ್ಕೆ ಎವಿಇ, ಅಂದರೆ ಜಾಹೀರಾತಿಗೆ ಸಮನಾದ ಮೌಲ್ಯ, ಎಂದು ಹೆಸರು. ಸುದ್ದಿ ಬೈಗುಳವೇ ಆಗಿದ್ದರೂ ಲೆಕ್ಕ ಮಾತ್ರ ಲಾಭದ್ದು!

2006ರಲ್ಲಿ ಟ್ವಿಟರ್ ಹುಟ್ಟಿತು. ಅದೇ ವರ್ಷ ಕೆನಡಾದ ಫ್ರೆಡರಿಕ್ಟನ್ ಎಂಬ ಸಣ್ಣ ಊರಿನಲ್ಲಿ ರೇಡಿಯನ್6 ಎಂಬ ಕಂಪನಿಯೂ ಹುಟ್ಟಿತು. ಸೋಷಿಯಲ್ ಮೀಡಿಯಾದಲ್ಲಿ ಗಿರಾಕಿಯ ಹೆಸರು ಹುಡುಕುವ ಅದರ ಸಾಫ್ಟ್‌ವೇರ್ ಕತ್ತರಿಯ ಕೆಲಸವನ್ನು ವಹಿಸಿಕೊಂಡಿತು. 2011ರಲ್ಲಿ ಸೇಲ್ಸ್‌ಫೋರ್ಸ್ ಎಂಬ ಸಾಫ್ಟ್‌ವೇರ್ ಕಂಪನಿ ರೇಡಿಯನ್6 ಅನ್ನು 30 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟು ಕೊಂಡಿತು. ಎಣಿಕೆ ಚುರುಕಾಯಿತು, ನಿಜ. ಅಳತೆಯ ಬುದ್ಧಿ ಮಾತ್ರ ಹಳೆಯದೇ ಉಳಿಯಿತು.

2009ರ ಜುಲೈನಲ್ಲಿ ಕೆನಡಾದ ಗಾಯಕ ಡೇವ್ ಕ್ಯಾರಲ್, ಯುನೈಟೆಡ್ ಏರ್‌ಲೈನ್ಸ್ ತನ್ನ ಗಿಟಾರ್ ಮುರಿಯಿತೆಂದು ಹಾಡು ಕಟ್ಟಿ ಯೂಟ್ಯೂಬ್‌ಗೆ ಹಾಕಿದ. ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ನೋಡಿದರು. ಬರೀ ಉಲ್ಲೇಖ ಎಣಿಸುವವರಿಗೆ ಅದು ಸುಗ್ಗಿಯ ವಾರ! ಯುನೈಟೆಡ್‌ನ ಷೇರು ಬಿದ್ದದ್ದೇ ಆ ಹಾಡಿನಿಂದ ಎಂಬ ಕಥೆಯೂ ಹಬ್ಬಿತು. ಆ ನಂಟು ಸಾಬೀತಾಗಲಿಲ್ಲ. ಹೊಗಳಿಕೆಯ ಲಾಭವನ್ನು ಉಬ್ಬಿಸುವಂತೆಯೇ ತೆಗಳಿಕೆಯ ನಷ್ಟವನ್ನೂ ಉಬ್ಬಿಸುತ್ತೇವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹೊಗಳಿಕೆ ಯಾವುದು, ತೆಗಳಿಕೆ ಯಾವುದು ಎಂದು ವಿಂಗಡಿಸುವ ಯಂತ್ರಗಳೂ ಬಂದವು. "ಸೂಪರ್ ಗುರು ನಿಮ್ ಸರ್ವಿಸು, ವಾರ ಆದ್ರೂ ಪಾರ್ಸೆಲ್ ಪತ್ತೆ ಇಲ್ಲ" ಎಂದು ನಮ್ಮವರೊಬ್ಬರು ಬರೆದರೆ, ಬರೀ ಪದ ನೋಡುವ ಯಂತ್ರ 'ಸೂಪರ್' ಕಂಡು ಅದನ್ನು ಹೊಗಳಿಕೆಯ ಖಾತೆಗೆ ಹಾಕೀತು.

2010ರಲ್ಲಿ ಪ್ರಚಾರದ ಮಾಪನವನ್ನೇ ವೃತ್ತಿಯಾಗಿಸಿಕೊಂಡವರು ಬಾರ್ಸಿಲೋನಾದಲ್ಲಿ ಸೇರಿ ಏಳು ಸೂತ್ರಗಳನ್ನು ಒಪ್ಪಿದರು. ಎಷ್ಟು ಪ್ರಚಾರ ಸಿಕ್ಕಿತು ಎನ್ನುವುದಕ್ಕಿಂತ ಅದರಿಂದ ಏನಾಯಿತು ಎಂದು ಅಳೆಯಿರಿ, ಎವಿಇ ಪ್ರಚಾರಕಾರ್ಯದ ಮೌಲ್ಯವಲ್ಲ ಎಂದು ಅವು ಹೇಳಿದವು. ಆದರೂ ಎವಿಇ ಸಾಯಲಿಲ್ಲ; ಅದನ್ನು ಬೇರುಸಹಿತ ಕೀಳಲು ಆ ವೃತ್ತಿಯ ಸಂಘಟನೆ ಆಮೆಕ್ 2017ರಲ್ಲಿ ಅಭಿಯಾನವನ್ನೇ ಹೂಡಬೇಕಾಯಿತು. ದೊಡ್ಡ ಅಂಕಿ ಯಾರಿಗೆ ಬೇಡ?

ನಿಮ್ಮದೇ ಸಣ್ಣ ಉದ್ಯಮವಿದ್ದು ಏಜೆನ್ಸಿಯಿಂದ ಇಂಥ ವರದಿ ಬಂದರೆ, ಉಲ್ಲೇಖಗಳ ಸಂಖ್ಯೆಯ ಪುಟ ಮಗುಚಿ. ಹೆಸರು ಕೇಳಿ ಎಷ್ಟು ಜನ ವಿಚಾರಿಸಿದರು, ಎಷ್ಟು ಜನ ಕೊಂಡರು, ಎಷ್ಟು ದೂರು ಬಗೆಹರಿದವು ಎಂಬ ಲೆಕ್ಕ ಕೇಳಿ. ಅದು ವರದಿಯಲ್ಲಿ ಇಲ್ಲದಿದ್ದರೆ ಬಿಲ್ ಪಾವತಿಸುವ ಮುನ್ನವೇ ಕೇಳಿ.