ನಿಮಗಿದು ಗೊತ್ತೇ? ಬಂಟ್ವಾಳದಲ್ಲಿ ದಿನವೂ ಏರಿಳಿಯುವ ಭೂಕಾಂತ

ಬಿ.ಸಿ. ರೋಡಿನಲ್ಲಿ ಬಸ್ಸಿಗೆ ಕಾಯುವಾಗ ಮೊಬೈಲಿನಲ್ಲಿ ಕಾಂತಮಾಪಕದ ಆ್ಯಪ್ ತೆರೆದು ನೋಡಿ. 40ರ ಆಸುಪಾಸಿನ ಅಂಕಿ ಕಾಣುತ್ತದೆ. ನೀವು ನಿಂತಲ್ಲಿ ಭೂಮಿಯ ಕಾಂತಬಲ ಅಷ್ಟು, ಮೈಕ್ರೊಟೆಸ್ಲಾ ಲೆಕ್ಕದಲ್ಲಿ. ಬಸ್ಸು ಪಕ್ಕಕ್ಕೆ ಬಂದು ನಿಂತರೆ ಅಂಕಿ ಹಾರುತ್ತದೆ. ಅದು ಬಸ್ಸಿನ ಕಬ್ಬಿಣದ ಕೈವಾಡ.

ಭೂಮಿಯ ಬಲವೂ ದಿನವಿಡೀ ಒಂದೇ ಸಮ ಇರುವುದಿಲ್ಲ. ನಮ್ಮ ಕಡೆ ಬೆಳಗ್ಗೆಯಿಂದ ಏರುತ್ತ ಮಧ್ಯಾಹ್ನದ ಹೊತ್ತಿಗೆ ತುದಿ ಮುಟ್ಟಿ, ಸಂಜೆಗೆ ಇಳಿಯುತ್ತದೆ. ಸುಮಾರು 100 ಕಿ.ಮೀ. ಮೇಲೆ, ಬಿಸಿಲಿಗೆ ವಿದ್ಯುದಾವೇಶ ಪಡೆದ ತೆಳು ಗಾಳಿಯಲ್ಲಿ ಹರಿಯುವ ಕರೆಂಟೇ ಇದಕ್ಕೆ ಕಾರಣ. ಏರಿಳಿತ ಒಟ್ಟು ಬಲದ ಸಾವಿರದಲ್ಲಿ ಒಂದೆರಡು ಪಾಲು ಮಾತ್ರ. ಮೊಬೈಲಿಗೆ ಅದು ದಕ್ಕುವುದಿಲ್ಲ.

ಈ ಕರೆಂಟು ತೀರಾ ಜೋರಾಗಿ ಹರಿಯುವುದು ಕಾಂತೀಯ ಸಮಭಾಜಕದ ಮೇಲೆ. ಆ ಗೆರೆ ತಿರುವನಂತಪುರದ ತುಂಬಾ ಎಂಬ ಊರಿನ ಬಳಿ ಹಾಯುತ್ತದೆಂದೇ 1963ರ ನವೆಂಬರ್ 21ರಂದು ಅಲ್ಲಿಂದ ರಾಕೆಟ್ ಹಾರಿಸಿದ್ದು.

ಬಸ್ಸಿನ ಕಬ್ಬಿಣದಂತೆ ಬಂಡೆಯೂ ಅಳತೆ ಕೆಡಿಸಬಲ್ಲದು. ಬೆಳ್ತಂಗಡಿಯ ಬೆನ್ನಿಗಿರುವ ಕುದುರೆಮುಖದಲ್ಲಿ ದಿಕ್ಸೂಚಿಯನ್ನು ಪೂರ್ತಿ ನಂಬಬೇಡಿ. 2005ರ ಕೊನೆಯವರೆಗೆ ಅಲ್ಲಿ ತೆಗೆಯುತ್ತಿದ್ದುದು ಮ್ಯಾಗ್ನೆಟೈಟ್ ಅದಿರು, ಅಂದರೆ ಅಯಸ್ಕಾಂತಕ್ಕೆ ಅಂಟುವ ಕಲ್ಲು. ಅದನ್ನು ಪುಡಿ ಮಾಡಿ, ನೀರಲ್ಲಿ ಕದಡಿ, 67 ಕಿ.ಮೀ. ಪೈಪಿನಲ್ಲಿ ಪಣಂಬೂರಿಗೆ ಹರಿಸುತ್ತಿದ್ದರು.

ಸೂರ್ಯ ಕೆರಳಿದರೆ ಏರಿಳಿತ ವಿಪರೀತವಾಗುತ್ತದೆ. 1859ರ ಸೆಪ್ಟೆಂಬರ್ 2ರಂದು ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಕಾಂತಬಲ ಸುಮಾರು 1,600 ನ್ಯಾನೊಟೆಸ್ಲಾ ಕುಸಿಯಿತು. ಸೂರ್ಯನಿಂದ ಬಂದ ಬಿರುಗಾಳಿ ಅದು. ಸಿಬ್ಬಂದಿ ಕೆಲವೇ ನಿಮಿಷಗಳಿಗೊಮ್ಮೆ ಕಣ್ಣಲ್ಲೇ ನೋಡಿ ಬರೆದಿಟ್ಟ ಆ ಅಂಕಿಗಳನ್ನು ವಿಜ್ಞಾನಿಗಳು ಇವತ್ತಿಗೂ ಕೆದಕುತ್ತಾರೆ. ಮುಂದೆ ಮುಂಬಯಿಗೆ ವಿದ್ಯುತ್ ಟ್ರಾಮ್ ಬರುತ್ತದೆಂದಾಗ ಉಪಕರಣಗಳು ಅಲಿಬಾಗ್‌ಗೆ ಗಂಟುಮೂಟೆ ಕಟ್ಟಿದವು.

ಸೂರ್ಯನಿಗೂ ಈ ಏರಿಳಿತಕ್ಕೂ ಇರುವ ನಂಟನ್ನು ಅಳೆದವರಲ್ಲಿ ನಮ್ಮವರೇ ಒಬ್ಬರಿದ್ದಾರೆ: ಯು.ಆರ್. ರಾವ್. ಹುಟ್ಟಿದ್ದು 1932ರಲ್ಲಿ, ಅದಮಾರಿನಲ್ಲಿ. ಮೂಡುಬಿದಿರೆಯವರಿಗೆ ಅದೇನು ದೂರವಲ್ಲ. 1962ರಲ್ಲಿ ಶುಕ್ರನತ್ತ ಹೊರಟ ಅಮೆರಿಕದ ಮ್ಯಾರಿನರ್-2 ನೌಕೆ ಸೌರಮಾರುತದ, ಅಂದರೆ ಸೂರ್ಯನಿಂದ ಬೀಸುವ ಕಣಗಳ ಹರಿವಿನ, ವೇಗ ಅಳೆದು ಕಳಿಸಿತು. ರಾವ್ ಮತ್ತು ಇಬ್ಬರು ಸಹ ವಿಜ್ಞಾನಿಗಳು ಆ ವೇಗವನ್ನು ಭೂಮಿಯ ವೀಕ್ಷಣಾಲಯಗಳ ಲೆಕ್ಕದೊಡನೆ ಹೋಲಿಸಿದರು. ಮಾರುತ ಜೋರಾದ ದಿನ ಭೂಕಾಂತವೂ ಹೆಚ್ಚು ಕದಡುತ್ತಿತ್ತು. 1963ರ ಆ ಪ್ರಬಂಧ ಈಗಲೂ ಉಲ್ಲೇಖವಾಗುತ್ತದೆ. ನಮ್ಮಲ್ಲಿ ರಾವ್ ಎಂದರೆ ಆರ್ಯಭಟ ಉಪಗ್ರಹವಷ್ಟೇ ನೆನಪಾಗುವುದು ಅನ್ಯಾಯ.

ಇದೇ ಏರಿಳಿತ ನೆಲದೊಳಗನ್ನೂ ತೋರಿಸುತ್ತದೆ. ಅದು ಬಂಡೆಗಳಲ್ಲಿ ಹುಟ್ಟಿಸುವ ಸಣ್ಣ ಕರೆಂಟನ್ನು ಅಳೆದರೆ ಹತ್ತಾರು ಕಿ.ಮೀ. ಆಳದ ರಚನೆ ತಿಳಿಯುತ್ತದೆ. ಚಿತ್ರದುರ್ಗ–ಗದಗ ಶಿಲಾಪಟ್ಟಿಯ ಉದ್ದಕ್ಕೂ ಪುರಾತನ ಭೂಖಂಡಗಳು ಕೂಡಿಕೊಂಡ ಹೊಲಿಗೆ ಇದೆ ಎಂದು ಭಾರತೀಯ ಭೂಕಾಂತತ್ವ ಸಂಸ್ಥೆಯ ವಿಜ್ಞಾನಿಗಳು 2004ರಲ್ಲಿ ಹೇಳಿದ್ದು ಹೀಗೆ ಅಳೆದೇ.

ಬಾಹ್ಯಾಕಾಶದಲ್ಲೂ ಕಬ್ಬಿಣದ ಕಾಟ ತಪ್ಪಿದ್ದಲ್ಲ. ಸೂರ್ಯನ ಅಧ್ಯಯನಕ್ಕೆ ಹೋದ ಆದಿತ್ಯ-ಎಲ್1 ನೌಕೆಯ ಕಾಂತಮಾಪಕ ತಯಾರಾದದ್ದು ಬೆಂಗಳೂರಿನಲ್ಲಿ. ನೌಕೆಯದೇ ಕಾಂತತೆ ಅಳತೆಗೆ ಅಡ್ಡ ಬರಬಾರದೆಂದು ಅದನ್ನು 6 ಮೀಟರ್ ಉದ್ದದ ತೋಳಿಗೆ ಕಟ್ಟಿ ದೂರ ಚಾಚಿದ್ದಾರೆ.