ಮಕ್ಕಳಿಗೆ ಸಂಡೇ ಸ್ಕೂಲು, ದೊಡ್ಡೋರಿಗೆ ಬರೀ ಕೈಮುಗಿಯೋದೇನು?

ಹುಣಸೂರು: ಭಾನುವಾರ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಕ್ರೈಸ್ತರ ಮನೆಗಳಲ್ಲಿ ಬೆಳಿಗ್ಗೆಯೇ ಗಡಿಬಿಡಿ. ಮಕ್ಕಳಿಗೆ ತಲೆ ಬಾಚಿ, ಒಗೆದ ಅಂಗಿ ತೊಡಿಸಿ, ಕೈಗೊಂದು ಪುಸ್ತಕ ಕೊಟ್ಟು ಚರ್ಚಿಗೆ ಅಟ್ಟುವುದು ತಾಯಂದಿರ ಕೆಲಸ. ಸಂಡೇ ಸ್ಕೂಲಿನಲ್ಲಿ ಮಗು ಕೈಯೆತ್ತಿ ಪ್ರಶ್ನೆ ಕೇಳಬಹುದು. ತಪ್ಪು ಉತ್ತರ ಕೊಟ್ಟರೂ ಟೀಚರಮ್ಮ ನಕ್ಕು ತಿದ್ದುತ್ತಾರೆ.

ಆದರೆ ಅದೇ ಮಗುವಿನ ತಾಯಿ ಚರ್ಚಿನೊಳಗೆ ಕೂತರೆ? ಹಾಡಬೇಕು, ಪ್ರಾರ್ಥನೆ ಹೇಳಬೇಕು, ಪ್ರಸಂಗ ಕೇಳಬೇಕು, ಕಾಣಿಕೆ ಹಾಕಬೇಕು, ಎದ್ದು ಮನೆಗೆ ಬರಬೇಕು. ಕನ್ನಡದಲ್ಲಿ ‘ಕೇಳು’ ಅನ್ನುವುದಕ್ಕೆ ಎರಡು ಅರ್ಥ. ಕಿವಿಗೊಡುವುದೂ ಕೇಳುವುದೇ, ಪ್ರಶ್ನೆ ಹಾಕುವುದೂ ಕೇಳುವುದೇ. ಮೀಸೆ ಬಂದ ಮೇಲೆ, ಮದುವೆಯಾದ ಮೇಲೆ ಚರ್ಚಿನಲ್ಲಿ ಉಳಿಯುವುದು ಹೆಚ್ಚಾಗಿ ಮೊದಲನೆಯದು ಮಾತ್ರ. ಅಲ್ಲಲ್ಲಿ ಸ್ತ್ರೀಯರ ಕೂಟ, ಬೈಬಲ್ ಓದಿನ ಕೂಟ ನಡೆಯುವುದುಂಟು. ಅಲ್ಲೂ ಒಬ್ಬರು ಹೇಳುವುದು, ಉಳಿದವರು ತಲೆಯಾಡಿಸುವುದು ಆಗಿಬಿಟ್ಟರೆ ಅದೂ ಇನ್ನೊಂದು ಪ್ರಸಂಗವೇ.

ದೊಡ್ಡವರಿಗೂ ಒಂದು ಭಾನುವಾರದ ಶಾಲೆ ಬೇಡವೇ ಎಂಬುದು ಈಗಿನ ಪ್ರಶ್ನೆ.

ಹೆಣ್ಣಾಳುಗಳಿಂದ ಶುರುವಾದ ಶಾಲೆ

ಇದೇನು ಹೊಸ ಫ್ಯಾಷನ್ ಅಲ್ಲ. ಇಂಗ್ಲೆಂಡಿನ ಗ್ಲಾಸ್ಟರ್ ಊರಿನಲ್ಲಿ ರಾಬರ್ಟ್ ರೈಕ್ಸ್ ಎಂಬ ಪತ್ರಿಕೆಯವನು 1780ರಲ್ಲಿ ಸಂಡೇ ಸ್ಕೂಲು ತೆರೆದಿದ್ದು ಕೂಲಿ ಮಾಡುವ ಬಡವರ ಮಕ್ಕಳಿಗೆ. ವಾರವೆಲ್ಲ ದುಡಿಯುವ ಮಕ್ಕಳಿಗೆ ಬಿಡುವಿದ್ದದ್ದು ಭಾನುವಾರ ಒಂದೇ. ಓದು ಕಲಿಸುವುದೇ ಅಲ್ಲಿನ ಮೊದಲ ಕೆಲಸ. 1798ರಲ್ಲಿ ನಾಟಿಂಗ್‌ಹ್ಯಾಮ್ ಪಟ್ಟಣದಲ್ಲಿ ವಿಲಿಯಂ ಸಿಂಗಲ್ಟನ್ ಎಂಬ ಮೆಥಡಿಸ್ಟರು ದೊಡ್ಡವರಿಗೇ ಒಂದು ಶಾಲೆ ತೆರೆದರು. ಮೊದಲು ಬಂದು ಕೂತವರು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಂಗಸರು. ಬೈಬಲ್ ಓದು, ಬರವಣಿಗೆ, ಲೆಕ್ಕ ಮೂರೂ ಒಂದೇ ಬೆಂಚಿನ ಮೇಲೆ.

ಅದೇ ಮೆಥಡಿಸ್ಟರ ವೆಸ್ಲಿಯನ್ ಮಿಷನ್ ಮುಂದೆ ಮೈಸೂರಿಗೂ ಬಂತು. ಅದರ ಅಚ್ಚುಕೂಟದಿಂದ 1887ರಲ್ಲಿ ‘ವೃತ್ತಾಂತ ಪತ್ರಿಕೆ’ ಹೊರಟಿತು. ಬೈಬಲ್ಲಂತೂ ಅದಕ್ಕೂ ಮೊದಲೇ, ಬಳ್ಳಾರಿಯ ಜಾನ್ ಹ್ಯಾಂಡ್ಸರ ದುಡಿಮೆಯಿಂದ 1831ರ ಹೊತ್ತಿಗೆ ಪೂರ್ತಿಯಾಗಿ ಕನ್ನಡಕ್ಕೆ ಬಂದಿತ್ತು. 1947ರ ಸೆಪ್ಟೆಂಬರ್ 27ರಂದು ಮೆಥಡಿಸ್ಟರು, ಆಂಗ್ಲಿಕನ್ನರು ಮೊದಲಾದವರು ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಆಯಿತು. ಪುಸ್ತಕ ಕೈಗೆ ಬಂದು ಇನ್ನೂರು ವರ್ಷವಾಗುತ್ತಾ ಬಂತು. ಆ ಪುಸ್ತಕದ ಮೇಲೆ ಪ್ರಶ್ನೆ ಹಾಕಲು ಒಂದು ಗಂಟೆ ಮಾತ್ರ ಸಿಕ್ಕಿಲ್ಲ!

ಡೋರ್ನಹಳ್ಳಿಯ ಮೇಷ್ಟ್ರು

ಕ್ಯಾಥೊಲಿಕ್ಕರ ಕಡೆಯ ಕಥೆ ಇನ್ನೂ ಸ್ವಾರಸ್ಯ. ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿ ಸಂತ ಅಂತೋಣಿಯವರ ಗುಡಿ ಯಾರಿಗೆ ಗೊತ್ತಿಲ್ಲ? ನೇಗಿಲಿಗೆ ಸಿಕ್ಕ ವಿಗ್ರಹದ ಐತಿಹ್ಯ ಎಲ್ಲರ ಬಾಯಲ್ಲೂ ಇದೆ. ಜೂನ್ 13ರ ಹಬ್ಬಕ್ಕೆ ಜಾತಿ ಮತ ನೋಡದೆ ಜನ ಸೇರುತ್ತಾರೆ. 2019ರಲ್ಲಿ ಅದಕ್ಕೆ ಬೆಸಿಲಿಕಾ ಪದವಿಯೂ ಸಿಕ್ಕಿತು. ಅಲ್ಲಿಗೆ ಬರುವವರು ಬೇಡುವುದು ಕಳೆದ ವಸ್ತು, ಹುಡುಗಿಗೆ ವರ, ಮೈಯ ನೋವಿಗೆ ವಾಸಿ.

ಆದರೆ ಆ ಸಂತರು ಬದುಕಿದ್ದಾಗ ಮಾಡುತ್ತಿದ್ದ ಕೆಲಸವೇನು? ಪಾಠ! 1231ರಲ್ಲಿ ತೀರಿಕೊಂಡ ಅಂತೋಣಿಯವರು ಸಂತ ಫ್ರಾನ್ಸಿಸರ ಅನುಮತಿ ಪಡೆದು, ತಮ್ಮ ಸಭೆಯ ಬೆಳೆದ ಗಂಡಸರಿಗೇ ದೇವಶಾಸ್ತ್ರ ಹೇಳಿಕೊಟ್ಟ ಮೇಷ್ಟ್ರು. 1946ರಲ್ಲಿ ರೋಮಿನವರು ಅವರನ್ನು ಧರ್ಮಸಭೆಯ ಆಚಾರ್ಯರೆಂದೇ ಸಾರಿದರು. ಮೇಷ್ಟ್ರ ಹತ್ತಿರ ಹೋಗಿ ಹರಕೆ ಹೊತ್ತು ಬರುತ್ತೇವೆ, ಪಾಠ ಕೇಳದೆ!

ರೋಮಿನವರೇ ಹೇಳಿದ್ದಾರೆ. 1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಸಮ್ಮೇಳನದ ಮೇಲೆ ಪೂಜೆ ಲ್ಯಾಟಿನ್ ಬಿಟ್ಟು ಜನರ ಭಾಷೆಗೆ ಬಂತು. 1971ರ ಧರ್ಮೋಪದೇಶ ಮಾರ್ಗದರ್ಶಿಯಲ್ಲೂ, 1979ರಲ್ಲಿ ಪೋಪ್ ಎರಡನೆಯ ಜಾನ್ ಪಾಲರ ಪತ್ರದಲ್ಲೂ ಬರೆದಿರುವುದು ಒಂದೇ: ಧರ್ಮೋಪದೇಶದಲ್ಲಿ ಮುಖ್ಯವಾದದ್ದು ದೊಡ್ಡವರ ಉಪದೇಶ. ಮಕ್ಕಳದ್ದಲ್ಲ, ದೊಡ್ಡವರದ್ದು. ಆದರೂ ಚರ್ಚುಗಳ ಪುಸ್ತಕ, ಟೀಚರು, ಬಹುಮಾನ, ವಾರ್ಷಿಕೋತ್ಸವವೆಲ್ಲ ಹೆಚ್ಚಾಗಿ ಮಕ್ಕಳಿಗೇ.

ಈ ಮಾತನ್ನು ಮೈಸೂರಿನ ಹೊಸ್ತಿಲಿಗೇ ತಂದವರು ಫಾದರ್ ಡಿ.ಎಸ್. ಅಮಲೋರ್ಪವದಾಸ್. 1967ರಲ್ಲಿ ಬೆಂಗಳೂರಿನಲ್ಲಿ ಕ್ಯಾಥೊಲಿಕ್ಕರ ರಾಷ್ಟ್ರೀಯ ಬೈಬಲ್ ಮತ್ತು ಧರ್ಮೋಪದೇಶ ಕೇಂದ್ರ ಕಟ್ಟಿದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತ ಧರ್ಮದ ಅಧ್ಯಯನ ವಿಭಾಗ ಬೆಳೆಸಿದರು. ಮೈಸೂರಿನಲ್ಲಿ ಅಂಜಲಿ ಆಶ್ರಮ ತೆರೆದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಮೈಸೂರಿನಿಂದ ಹುಣಸೂರಿಗೆ ಬಸ್ಸು ಬರಲು ಒಂದು ಗಂಟೆ ಸಾಕು. ಅವರ ವಿಚಾರ ಬರಲು ಎಷ್ಟು ವರ್ಷ ಬೇಕೋ!

ಮೀನುಗಾರರ ಪ್ರಸಂಗ

ದೂರದ ನಿಕರಾಗುವಾ ದೇಶದಲ್ಲಿ ಸೊಲೆಂತಿನಾಮೆ ಎಂಬ ದ್ವೀಪಗಳಿವೆ. 1966ರಲ್ಲಿ ಅಲ್ಲಿಗೆ ಹೋದ ಎರ್ನೆಸ್ಟೊ ಕಾರ್ಡಿನಾಲ್ ಎಂಬ ಕವಿ-ಪಾದ್ರಿ ಭಾನುವಾರದ ಪ್ರಸಂಗವನ್ನೇ ಬಿಟ್ಟರು. ಸುವಾರ್ತೆ ಓದಿಸಿ, ಏನನ್ನಿಸಿತು ಅಂತ ಮೀನು ಹಿಡಿಯುವವರನ್ನು, ಹೊಲದವರನ್ನು ಕೇಳಿದರು. ಅವರ ಮಾತುಗಳೇ 1975ರಲ್ಲಿ ಪುಸ್ತಕವಾಗಿ ಹೊರಬಂದವು. ಸರ್ವಾಧಿಕಾರಿ ಸೊಮೋಸನ ಸೈನಿಕರು 1977ರಲ್ಲಿ ಆ ನೆಲೆಯನ್ನು ಹಾಳುಗೆಡವಿದರು. ಪ್ರಶ್ನೆಗೆ ಅಷ್ಟು ಹೆದರಿಕೆ.

ಕೋಟೆಯ ಪ್ರಶ್ನೆ, ಪಿರಿಯಾಪಟ್ಟಣದ ಪ್ರಶ್ನೆ

ಈ ಸೀಮೆಯಲ್ಲಿ ಅಂಥ ತರಗತಿ ನಡೆದರೆ ಏನು ಕೇಳಬಹುದು? ಹುಡುಕಿಕೊಂಡು ಹೋಗಬೇಕಿಲ್ಲ.

ಪಿರಿಯಾಪಟ್ಟಣ, ಹುಣಸೂರಿನಲ್ಲಿ ಹೊಗೆಸೊಪ್ಪೇ ಅನ್ನ. ಬ್ಯಾರನ್ನಿಗೆ ಸೌದೆ ಉರಿಸಿ, ಸಾಲ ಮಾಡಿ, ಹರಾಜಿನ ರೇಟಿಗೆ ಕಾಯುವ ರೈತ ‘ಇದು ಪಾಪವೋ, ಹೊಟ್ಟೆಪಾಡೋ?’ ಅಂತ ಎಲ್ಲಿ ಕೇಳಬೇಕು? ಸೊಪ್ಪಿನ ಕಾಲದಲ್ಲಿ ಮಗಳನ್ನು ಸ್ಕೂಲು ಬಿಡಿಸಿದ್ದು ಸರಿಯೋ ಅಂತ ತಾಯಿ ಎಲ್ಲಿ ಬಾಯಿ ಬಿಡಬೇಕು?

ಎಚ್.ಡಿ. ಕೋಟೆಯಲ್ಲಿ ಬೈಬಲಿನ ವಾಗ್ದತ್ತ ನಾಡಿನ ಕಥೆ ಓದಿದರೆ, ಕಾಡಿನಿಂದ ಎಬ್ಬಿಸಲ್ಪಟ್ಟ ಹಾಡಿಯವನಿಗೆ ಬೇರೆಯೇ ಕಾಣುತ್ತದೆ. ದೇವರು ಕೊಟ್ಟ ನಾಡು ಸರಿ, ಮೊದಲೇ ಅಲ್ಲಿದ್ದವರು ಎಲ್ಲಿಗೆ ಹೋದರು? ಈ ಪ್ರಶ್ನೆ ಕೇಳುವವನ ಕೈಗೆ 2006ರ ಅರಣ್ಯ ಹಕ್ಕು ಕಾಯಿದೆಯ ಪ್ರತಿಯನ್ನೂ ಕೊಡುವುದು ಒಳ್ಳೆ ಪಾಠ.

ಇನ್ನು ತಾಲ್ಲೂಕು ಕಚೇರಿಯ ಪ್ರಶ್ನೆಗಳು. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿ ಪತ್ರ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ ದಲಿತರು ಹೊರಗೇ ಉಳಿದರು. ಕರ್ನಾಟಕದಲ್ಲಿ ಅವರಿಗೆ ಸಿಕ್ಕಿದ್ದು ಹಿಂದುಳಿದವರ ಪ್ರವರ್ಗ-1. ಆದರೆ ಪರಿಶಿಷ್ಟ ಪಂಗಡಕ್ಕೆ ಧರ್ಮದ ಈ ಕಟ್ಟಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಬೇಕೇನು?

ಹೆಂಗಸರ ಮಾತು ಇನ್ನೂ ಇದೆ. ವಿಲ್ ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಹೆಂಡತಿಗೆ ಮೂರನೇ ಒಂದು ಪಾಲು, ಉಳಿದದ್ದು ಗಂಡು ಹೆಣ್ಣೆನ್ನದೆ ಮಕ್ಕಳಿಗೆ ಸಮಪಾಲು. ವಿಚ್ಛೇದನಕ್ಕೆ 1869ರ ಕಾಯಿದೆ. ಗಂಡನಾದರೆ ಹೆಂಡತಿಯ ವ್ಯಭಿಚಾರ ಒಂದನ್ನು ತೋರಿಸಿದರೆ ಸಾಕಿತ್ತು, ಹೆಂಡತಿ ಅದರ ಜೊತೆಗೆ ಕ್ರೌರ್ಯವನ್ನೋ, ಬಿಟ್ಟುಹೋದದ್ದನ್ನೋ ರುಜುವಾತು ಮಾಡಬೇಕಿತ್ತು. ಈ ತಾರತಮ್ಯ ಹೋಗಿದ್ದು 2001ರಲ್ಲಿ. 2013ರಲ್ಲಿ ಸಿ.ಎಸ್.ಐ. ಸಭೆಯ ನಂದ್ಯಾಲಕ್ಕೆ ಇ. ಪುಷ್ಪಲಲಿತ ಎಂಬ ಹೆಣ್ಣುಮಗಳು ಬಿಷಪ್ಪರಾದರು. ಹೆಣ್ಣು ಬಿಷಪ್ಪಾಗುವ ಕಾಲದಲ್ಲಿ ಹೆಣ್ಣುಮಗಳು ತನ್ನ ಪಾಲು ಎಷ್ಟೆಂದು ಕೇಳಲು ನಾಚಬೇಕೇ?

‘ಈ ವಯಸ್ಸಲ್ಲಿ ಯಾಕೆ?’

ಅಡ್ಡಿಗಳಿಲ್ಲವೆಂದಲ್ಲ. ಸೊಪ್ಪಿನ ಕಾಲದಲ್ಲಿ ಭಾನುವಾರವೂ ಕೂಲಿ. ಅಕ್ಷರ ಬಾರದ ಹಿರಿಯರಿಗೆ ಬೆಂಚಿನ ಮೇಲೆ ಕೂರಲು ಸಂಕೋಚ. ‘ಅಯ್ಯನೋರನ್ನ ಹಂಗೆಲ್ಲ ಕೇಳಕ್ಕಾಯ್ತದಾ?’ ಎಂಬ ಅಂಜಿಕೆ. ಪ್ರಶ್ನೆ ಹೆಚ್ಚಾದರೆ ನಂಬಿಕೆ ಸಡಿಲವಾದೀತು ಎಂಬ ಹೆದರಿಕೆ ಪೀಠದ ಮೇಲಿರುವವರಿಗೂ ಇರಬಹುದು.

ಆದರೆ ಯೋಹಾನನ ಸುವಾರ್ತೆಯ ನಿಕೊದೇಮನನ್ನು ನೆನೆಯಿರಿ. ಓದಿದವನು, ದೊಡ್ಡ ಮನುಷ್ಯ. ಯೇಸುವನ್ನು ಪ್ರಶ್ನೆ ಕೇಳಲು ಬಂದಿದ್ದು ರಾತ್ರಿ ಹೊತ್ತು. ಯೇಸು ಅವನನ್ನು ಹಿಂದಕ್ಕೆ ಅಟ್ಟಲಿಲ್ಲ, ಕೂರಿಸಿಕೊಂಡು ಮಾತಾಡಿದ. ಈ ನಾಲ್ಕು ತಾಲ್ಲೂಕುಗಳಲ್ಲೂ ನಿಕೊದೇಮರು ಇದ್ದಾರೆ. ಅವರಿಗೆ ಹಗಲಲ್ಲೇ ಕೇಳುವ ಜಾಗ ಬೇಕು.

ಖರ್ಚೇನು ದೊಡ್ಡದಲ್ಲ. ಪೂಜೆ, ಆರಾಧನೆ ಮುಗಿದ ಮೇಲೆ ಒಂದು ಗಂಟೆ. ಮಕ್ಕಳು ಎದ್ದು ಹೋದ ಅದೇ ಬೆಂಚು. ಒಂದು ಕನ್ನಡ ಬೈಬಲು, ಒಂದು ದಿನಪತ್ರಿಕೆ, ಓದಿ ಹೇಳುವ ಒಬ್ಬ ಮೇಷ್ಟ್ರೋ ನರ್ಸಮ್ಮನೋ. ಪಾದ್ರಿಗಳು ಬಂದರೆ ಸಂತೋಷ, ಆದರೆ ಅವತ್ತು ಅವರೂ ಬೆಂಚಿನ ಮೇಲೇ ಕೂರಬೇಕು.

ಚರ್ಚಿನ ಸಮಿತಿಗಳಿಗೆ ಹೊಸ ಗೋಪುರ, ಹೊಸ ಮೈಕು ಹಾಕಿಸಲು ಉತ್ಸಾಹವಿದೆ. ಮೈಕು ಒಂದು ಗಂಟೆ ಆರಿಸಿಟ್ಟು, ಜನರ ಬಾಯಿ ತೆರೆಸಲು ಮನಸ್ಸು ಮಾಡುವರೇ?